ರೆಪ್ಪೆ ಮುಚ್ಚದ ಹಸಿರು ಕಣ್ಣು

ನಮ್ಮ ಮನೆಯಲ್ಲಿ ಅಡುಗೆಮನೆ ಅಮ್ಮನದು, ದೇವರ ಗೂಡು ಅಜ್ಜಿಯದು, ನಡುಮನೆಯ ಮೂಲೆಯಲ್ಲಿದ್ದ ರೇಡಿಯೋ ಅಪ್ಪನದು. ನನಗೆ ಅಂತ ಇದ್ದ ಜಾಗ ಅಕ್ಕಿ ಡಬ್ಬಕ್ಕೂ ಗೋಡೆಗೂ ನಡುವಿನ ಸಂದು. ಅಲ್ಲಿ ಕೂತರೆ ಮೂರು ರಾಜ್ಯಗಳೂ ಕಾಣುತ್ತಿದ್ದವು, ನಾನು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಬೆನ್ನಿಗೆ ಅಂಟಿಕೊಂಡಿದ್ದ ವಠಾರ ನಮ್ಮದು. ಎದುರುಬದುರು ಮನೆಗಳ ಸಾಲು, ನಡುವೆ ಕಲ್ಲುಹಾಸು, ಕೊನೆಯಲ್ಲಿ ಜಗಳಕ್ಕೆಂದೇ ಹಾಕಿಸಿದಂತಿದ್ದ ಒಂದು ನಲ್ಲಿ. ಸೈರನ್ ಕೂಗಿದಾಗ ಎದ್ದು, ಸೈರನ್ ಕೂಗಿದಾಗ ಅನ್ನಕ್ಕಿಟ್ಟು, ಸೈರನ್ ಕೂಗಿದಾಗ ಬಾಗಿಲಿಗೆ ಬಂದು ಗಂಡಸರ ದಾರಿ ನೋಡುವ ಜನ. ಕಾಂಪೌಂಡಿನ ಆಚೆ ಪ್ರೆಸ್ಸುಗಳು ತಗಡು ಒತ್ತುವ ಸದ್ದಿಗೆ ನಮ್ಮ ಸ್ಟ್ಯಾಂಡಿನ ಲೋಟಗಳು ಇಡೀ ದಿನ ಸಣ್ಣಗೆ ನಡುಗುತ್ತಿದ್ದವು. ಆ ನಡುಕ ಲೋಟಗಳಿಂದ ನನಗೆ ಬಂತೋ, ನನ್ನಿಂದ ಲೋಟಗಳಿಗೆ ಹೋಯಿತೋ ಹೇಳಲಾರೆ. ನಾಯಿಗೆ, ಗುಡುಗಿಗೆ, ಲೆಕ್ಕದ ಮೇಷ್ಟರಿಗೆ ಎಲ್ಲ ಮಕ್ಕಳೂ ಹೆದರುತ್ತಾರೆ. ನಾನು ಹೆದರುತ್ತಿದ್ದುದು ಅಪ್ಪನಿಗೆ.

ಅಪ್ಪ ಹೊಡೆಯುವ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಹೊಡೆಯುವ ಅಪ್ಪಂದಿರು ವಠಾರದಲ್ಲಿ ಬೇಕಾದಷ್ಟು ಇದ್ದರು. ಅವರ ಮಕ್ಕಳು ಬೆಳಗ್ಗೆ ಪೆಟ್ಟು ತಿಂದು, ಅತ್ತು, ಸಂಜೆಗೆ ಅದೇ ಅಪ್ಪನ ಸೈಕಲ್ ಬಾರಿನ ಮೇಲೆ ಕೂತು ಬೋಂಡ ತಿನ್ನಲು ಹೋಗುತ್ತಿದ್ದರು. ನಮ್ಮಪ್ಪ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ. ಏನಾದರೂ ಕೇಳಬೇಕಾದಾಗ ಎದುರಿಗೆ ಹೋಗಿ ನಿಲ್ಲುವ ಧೈರ್ಯವಿಲ್ಲದೆ ನಾನು ಹಿಂದಿನಿಂದ ಹೋಗಿ 'ಅಪ್ಪ' ಅನ್ನುತ್ತಿದ್ದೆ. ಅವರು ತಿರುಗುತ್ತಿರಲಿಲ್ಲ. ಇನ್ನೊಂದು ಸಲ ಅನ್ನುತ್ತಿದ್ದೆ, ಇನ್ನೂ ಸಣ್ಣಗೆ. ಬೆನ್ನು ಇದ್ದ ಹಾಗೇ ಇರುತ್ತಿತ್ತು. ಆ ಬೆನ್ನು ನೋಡಿ, ಇವತ್ತು ನಾನೇನು ತಪ್ಪು ಮಾಡಿದೆ ಎಂದು ಹುಡುಕುತ್ತಾ ಸಂದಿಗೆ ವಾಪಸು ಬರುತ್ತಿದ್ದೆ. ಹುಡುಕಿದರೆ ತಪ್ಪಿಗೇನು ಬರ? ಒಂದಲ್ಲ ಒಂದು ಸಿಕ್ಕೇ ಸಿಗುತ್ತಿತ್ತು. ಹೆದರಿದಷ್ಟೂ ನನ್ನ ದನಿ ಇಳಿಯುತ್ತಿತ್ತು, ದನಿ ಇಳಿದಷ್ಟೂ ಅಪ್ಪ ದೂರವಾಗುತ್ತಿದ್ದರು. ಈಗಲೂ ನಾನು ಯಾವುದಾದರೂ ಆಫೀಸಿನ ಕಿಟಕಿಯ ಮುಂದೆ ನಿಂತು ಮಾತಾಡಿದರೆ ಒಳಗಿರುವವರು 'ಸ್ವಲ್ಪ ಜೋರಾಗಿ ಹೇಳಿಮ್ಮಾ' ಅನ್ನುತ್ತಾರೆ.

ಅಪ್ಪನ ಕಿವಿ ಹೋಗುತ್ತಿತ್ತು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಪ್ರೆಸ್ ಶಾಪಿನಲ್ಲಿ ಮಿಷನ್ನಿನ ಬಾಯಿಗೆ ತಗಡು ಕೊಡುವ ಕೆಲಸ ಅವರದು. ಮಿಷನ್ ನಿಲ್ಲಿಸಿ ಒಳಗೆ ಕೈಹಾಕಿ ಅಚ್ಚು ಸರಿಮಾಡುವುದೂ ಇರುತ್ತಿತ್ತು. ಮತ್ತೆ ಹಾಕುವ ಮೊದಲು ಆ ಕಡೆಯವನು ಗಂಟೆ ಬಾರಿಸುತ್ತಾನೆ, ಅದನ್ನು ಕೇಳಿಸಿಕೊಂಡು ಕೈ ತೆಗೆಯಬೇಕು. ಗಂಟೆ ಕೇಳಿಸದವನನ್ನು ಆ ಜಾಗದಿಂದ ಎಬ್ಬಿಸಿ ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಕೇಳಿಸದೆಯೂ ಅಲ್ಲೇ ಉಳಿದವನಿಗೆ ಏನಾಗುತ್ತದೆ ಎಂಬುದಕ್ಕೆ ಎದುರುಸಾಲಿನ ರಂಗಣ್ಣನವರಿದ್ದರು. ಅವರ ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು ಮತ್ತು ಕಿರುಬೆರಳು. ಮದುವೆ ಮನೆಯ ಪಂಕ್ತಿಯಲ್ಲಿ ಅವರು ಚಮಚ ಕೇಳಿ ತರಿಸಿಕೊಳ್ಳುವಾಗ ಎಲ್ಲರೂ ತಮ್ಮ ತಮ್ಮ ಎಲೆ ನೋಡಿಕೊಳ್ಳುತ್ತಿದ್ದರು.

ರೇಡಿಯೋ ಹಳೇದು, ವಾಲ್ವ್ ಸೆಟ್ಟು. ಮಿಕ್ಕವರ ಕಿಟಕಿಗಳಲ್ಲಿ ಅಂಗೈಯಗಲದ ಟ್ರಾನ್ಸಿಸ್ಟರುಗಳು ಹಾಡುತ್ತಿದ್ದ ಕಾಲಕ್ಕೆ ನಮ್ಮಪ್ಪ ಬಿನ್ನಿಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಆ ಮರದ ಪೆಟ್ಟಿಗೆಯನ್ನು ಸೈಕಲ್ ಕ್ಯಾರಿಯರಿಗೆ ಟ್ಯೂಬಿನಲ್ಲಿ ಬಿಗಿದು ತಂದಿದ್ದರು. ಗುಂಡಿ ತಿರುಗಿಸಿದ ಕೂಡಲೇ ಮಾತಾಡುವ ಜಾತಿಯಲ್ಲ ಅದು. ಒಳಗಿನ ಗಾಜಿನ ವಾಲ್ವುಗಳು ಕಾಯಬೇಕು, ಬಿಸಿ ಧೂಳಿನ ವಾಸನೆ ಮೂಗಿಗೆ ಬರಬೇಕು, ಆಮೇಲೆ ಡಯಲ್ಲಿನ ಮೇಲಿದ್ದ ಹಸಿರು ಕಣ್ಣು ನಿಧಾನಕ್ಕೆ ಬೆಳಗುತ್ತಿತ್ತು. ಕಣ್ಣು ಎಂದು ನಾವು ಕರೆಯುತ್ತಿದ್ದುದು ಎಂಟಾಣೆಯಗಲದ ಒಂದು ಪುಟ್ಟ ವಾಲ್ವನ್ನು. ಸ್ಟೇಷನ್ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ತೋರಿಸುವುದು ಅದರ ಕೆಲಸ. ಸ್ಟೇಷನ್ ತಪ್ಪಿದ್ದರೆ ಹಸಿರಿನ ನಡುವೆ ಕಪ್ಪು ಸೀಳೊಂದು ಅಗಲವಾಗಿ ನಿಂತಿರುತ್ತಿತ್ತು. ಮುಳ್ಳು ಹತ್ತಿರ ಬಂದಂತೆ ಸೀಳು ಕಿರಿದಾಗಿ, ಸರಿಯಾದ ಜಾಗಕ್ಕೆ ಬಂದಾಗ ಹಸಿರು ರೆಪ್ಪೆಗಳೆರಡೂ ಕೂಡಿಬಿಡುತ್ತಿದ್ದವು. ಡಯಲ್ಲಿನ ದಾರ ಸಡಿಲವಾಗಿದ್ದುದರಿಂದ ಮುಳ್ಳು ನಿನ್ನೆ ಇದ್ದಲ್ಲಿ ಇವತ್ತು ಇರುತ್ತಿರಲಿಲ್ಲ, ಅಂಕಿಗಳನ್ನು ನಂಬುವಂತಿರಲಿಲ್ಲ. ಅಪ್ಪ ನಂಬಿದ್ದುದು ಕಣ್ಣನ್ನು. ಸಂಜೆ ಕಾಲು ತೊಳೆದು, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಎರಡು ಬೆರಳಲ್ಲಿ ಗುಂಡಿ ಹಿಡಿದು ಅವರು ರೆಪ್ಪೆ ಕೂಡಿಸುತ್ತಿದ್ದರು. ಆ ಗುಂಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಕಿವಿ ಮಾಡಲಾರದ್ದನ್ನು ಕಣ್ಣಿನಿಂದ ಮಾಡಿಸುತ್ತಿದ್ದಾರೆ ಎಂದು ನಮಗೇನು ಗೊತ್ತು? ಅಜ್ಜಿಯಂತೂ ಮಗನ ನಾಜೂಕನ್ನು ನಲ್ಲಿಯ ಹತ್ತಿರ ಹೊಗಳಿಕೊಂಡು ಬರುತ್ತಿದ್ದಳು.

ಆ ವರ್ಷದ ಆಯುಧಪೂಜೆಗೆ ಅಜ್ಜಿ ಎಂದಿನಂತೆ ಮನೆಯ ಕಬ್ಬಿಣ, ಮಿಷನ್ನು, ಎಲ್ಲಕ್ಕೂ ಕುಂಕುಮ ಹಚ್ಚಿದಳು. ಈಳಿಗೆಮಣೆ, ಸೀಮೆಎಣ್ಣೆ ಸ್ಟವ್ವು, ಸೈಕಲ್ಲು ಆದಮೇಲೆ ರೇಡಿಯೋಗೂ ಹೂ ಮುಡಿಸಿ, ಹಸಿರು ಕಣ್ಣಿನ ಗಾಜಿನ ನಡುಮಧ್ಯಕ್ಕೇ ಒದ್ದೆ ಕುಂಕುಮದ ಬೊಟ್ಟಿಟ್ಟಳು. ಹಬ್ಬ ಕಳೆದು ಅಪ್ಪ ಬೊಟ್ಟು ಒರೆಸಿ ರೇಡಿಯೋ ಹಾಕಿದರು. ಕಣ್ಣು ಬೆಳಗಿತು. ಅಪ್ಪ ಗುಂಡಿ ತಿರುಗಿಸಿದರು. ಹಾಡು ಬಂತು, ಹೋಯಿತು, ಮಾತು ಬಂತು, ಹೋಯಿತು, ಕಪ್ಪು ಸೀಳು ಮಾತ್ರ ಅಲ್ಲಾಡಲಿಲ್ಲ. ಅಗಲವಾಗಿ ತೆರೆದುಕೊಂಡೇ ಇತ್ತು. ಅಪ್ಪ ಗಾಜನ್ನು ಮತ್ತೆ ಮತ್ತೆ ಒರೆಸಿದರು. ಆಮೇಲೆ ತಿರುಗಿ ಅಜ್ಜಿಯನ್ನು ನೋಡಿದರು.

"ಯಾರು ಇದಕ್ಕೆ ಕುಂಕುಮ ಇಡು ಅಂದಿದ್ದು? ಒಳಗೆ ಇಳಿದು ಹಾಳಾಗಿದೆ ನೋಡು."

"ಗೂಡಲ್ಲಿರೋ ದೇವರಿಗೆಲ್ಲ ನಾನೇ ಕಣಪ್ಪಾ ಕುಂಕುಮ ಇಡೋದು. ಒಂದು ದೇವರಿಗೂ ಇದುವರೆಗೆ ಕಣ್ಣು ಹೋಗಿಲ್ಲ," ಎಂದಳು ಅಜ್ಜಿ. "ಕುಣಿಯಕ್ಕೆ ಬರದೋನು ನೆಲ ಡೊಂಕು ಅಂದನಂತೆ."

ಬೇರೆ ದಿನವಾಗಿದ್ದರೆ ಅಮ್ಮ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಅವತ್ತು ನಗಲಿಲ್ಲ. ಅಪ್ಪ ಕಂಗೆಟ್ಟು ಗುಂಡಿಯನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿದ್ದುದನ್ನು ಅವಳು ನೋಡುತ್ತಿದ್ದಳು, ನಾನೂ ನೋಡಿದೆ. ಒಂದು ರೇಡಿಯೋ ಕೆಟ್ಟಿದ್ದಕ್ಕೆ ದೊಡ್ಡವರು ಹೀಗೆ ಹೆದರುತ್ತಾರೆಯೇ ಎಂದು ನನಗೆ ದಿಗಿಲಾಯಿತು. ಅಜ್ಜಿ ದೀಪ ಹಚ್ಚಿ ಬಂದು, ಇನ್ನೂ ತೆರೆದೇ ಇದ್ದ ಆ ಕಣ್ಣನ್ನು ದಿಟ್ಟಿಸಿ, ನನಗೆ ಮಾತ್ರ ಕೇಳುವ ಹಾಗೆ ಒಂದು ಮಾತು ಹೇಳಿದಳು.

"ರೆಪ್ಪೆ ಬಡಿಯದ ಕಣ್ಣು ಇಬ್ಬರಿಗೇ ಕಣೇ ಇರೋದು. ಒಂದು ದೇವರಿಗೆ, ಇನ್ನೊಂದು ಹೆಣಕ್ಕೆ."

ಆಮೇಲೆ ನಾನು ನಡುಮನೆಯಲ್ಲಿ ಒಬ್ಬಳೇ ಕೂರುವುದನ್ನು ಬಿಟ್ಟೆ. ರೇಡಿಯೋ ಆರಿಸಿದ್ದಾಗಲೂ ಅದು ನೋಡುತ್ತಿದೆ ಅನ್ನಿಸಿ, ಅದರ ಮುಂದೆ ಹಾಯುವಾಗ ಗೋಡೆಗೆ ಮುಖ ಮಾಡಿಕೊಂಡು ಹೋಗುತ್ತಿದ್ದೆ. ಅಪ್ಪ ಹಿಂದಿನ ರಟ್ಟು ಬಿಚ್ಚಿ ಕಣ್ಣಿನ ವಾಲ್ವನ್ನು ಕಿತ್ತು ಊದಿ ಮತ್ತೆ ಸಿಕ್ಕಿಸಿದರು. ಬೆರಳಲ್ಲಿ ತಟ್ಟಿ ನೋಡಿದರು. ಏನೂ ಆಗದಿದ್ದಾಗ ಒಂದು ಬೆಳಗ್ಗೆ ರೇಡಿಯೋವನ್ನು ಸೈಕಲ್ಲಿಗೆ ಬಿಗಿದು, ಹಿಂದಿನಿಂದ ಹಿಡಿದುಕೊಂಡು ಬರಲು ನನ್ನನ್ನು ಕರೆದುಕೊಂಡು ವಿಜಯನಗರದ ಒಂದು ರಿಪೇರಿ ಅಂಗಡಿಗೆ ಹೊರಟರು. ಅಂಗಡಿಯವನು ಒಳ್ಳೆಯ ಮನುಷ್ಯ. ರೇಡಿಯೋ ಹಾಕಿ, ಸುಮ್ಮನೆ ಗುಂಡಿ ತಿರುಗಿಸಿ, ಕಿವಿಯಿಂದಲೇ ಸ್ಟೇಷನ್ ಹಿಡಿದು ಕೈ ಒರೆಸಿಕೊಂಡ.

"ಈ ವಾಲ್ವ್ ಈಗ ಎಲ್ಲೂ ಬರಲ್ಲ ಸಾರ್. ಆದ್ರೆ ಸೌಂಡ್ ಚೆನ್ನಾಗೇ ಇದೆಯಲ್ಲ. ಸ್ಟೇಷನ್ ಬಂದಿದ್ದು ಕಿವಿಗೇ ಗೊತ್ತಾಗುತ್ತೆ, ಕಣ್ಣು ಯಾಕೆ ಬೇಕು ನಿಮಗೆ?"

ಅಪ್ಪ ಅವನ ತುಟಿಗಳನ್ನೇ ನೋಡುತ್ತಿದ್ದರು. ಅವನು ಹೇಳಿದ್ದು ಅರ್ಥವಾದ ಕ್ಷಣ ಅವರ ಮುಖದಿಂದ ರಕ್ತ ಇಳಿದುಹೋಯಿತು. ವೈರು ಕಿತ್ತು, ಪೆಟ್ಟಿಗೆ ಎತ್ತಿಕೊಂಡು ಹೊರಬಂದರು. ಬರುವಾಗ ದಾರಿಯುದ್ದಕ್ಕೂ ನಾನು ಪೆಟ್ಟಿಗೆ ಹಿಡಿದುಕೊಂಡು ಅವರ ಹಿಂದೆ ಓಡಿದೆ. ಒಂದು ಲಾರಿ ಹಾರ್ನ್ ಹೊಡೆದುಕೊಂಡು ಬೆನ್ನಿಗೇ ಬಂತು. ನಾನು ಪೆಟ್ಟಿಗೆ ಬಿಟ್ಟು ಚರಂಡಿಯ ಕಡೆಗೆ ನೆಗೆದೆ, ಅಪ್ಪ ರಸ್ತೆಯ ನಡುವೆಯೇ ನೆಟ್ಟಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಲಾರಿಯವನು ಬಗ್ಗಿ ಬೈದು ಹೋದ. ಅಪ್ಪನಿಗೆ ಯಾರ ಹೆದರಿಕೆಯೂ ಇಲ್ಲ, ಲಾರಿಗೂ ಹೆದರುವುದಿಲ್ಲ ಅಂದುಕೊಂಡು ನಾನು ಅವರಿಗೆ ಇನ್ನಷ್ಟು ಹೆದರಿದೆ.

ಅಂದಿನ ಸಂಜೆಯಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಾಟಕ ಶುರುವಾಯಿತು. ಅಪ್ಪ ಎಂದಿನಂತೆ ಕಾಲು ತೊಳೆದು, ಕಾಫಿ ಇಟ್ಟುಕೊಂಡು ರೇಡಿಯೋ ಹಾಕಿದರು. ಕಣ್ಣು ಪಿಳಿಪಿಳಿ ಅನ್ನದೆ ನೋಡುತ್ತಿತ್ತು. ಅವರು ಗುಂಡಿಯನ್ನು ಅಂದಾಜಿನ ಮೇಲೆ ಒಂದು ಕಡೆ ತಂದು ನಿಲ್ಲಿಸಿದರು. ಅದು ಸ್ಟೇಷನ್ ಅಲ್ಲ. ಗೊರ್ರೋ ಎನ್ನುವ ಸದ್ದು, ಅದರ ಒಳಗೆಲ್ಲೋ ಒಬ್ಬ ಮನುಷ್ಯ ನೀರಿನಡಿಯಿಂದ ಕೂಗಿದಂತೆ ಒಂದು ದನಿ. ಅಪ್ಪ ದನಿ ಜಾಸ್ತಿ ಮಾಡಿ, ಹಿಂದಕ್ಕೆ ಒರಗಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ಅಜ್ಜಿ ಬಾಯಿ ತೆರೆದಳು. ಅಮ್ಮ ಅವಳ ಮೊಣಕೈ ಅದುಮಿದಳು. ನಾವು ಮೂವರೂ ಆ ಗೊರಗೊರ ಸದ್ದಿನ ಮುಂದೆ ಹಾಡು ಕೇಳುವವರಂತೆ ಕೂತೆವು. ಅಷ್ಟು ಹೆದರಿಕೆ ನನಗೆ ಮತ್ತೆ ಯಾವತ್ತೂ ಆಗಿಲ್ಲ. ಅಪ್ಪನಿಗೆ ಹುಚ್ಚು ಹಿಡಿದಿದೆ ಎಂದುಕೊಂಡೆ, ಅದನ್ನು ಬಾಯಿಬಿಟ್ಟು ಹೇಳಿದವರಿಗೆ ಏನೋ ಆಗುತ್ತದೆ ಎಂದೂ ಅಂದುಕೊಂಡೆ. ಮಾರನೆಯ ಸಂಜೆಯೂ ಅದೇ ಆಯಿತು, ಅದರ ಮಾರನೆಯ ಸಂಜೆಯೂ.

"ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ ಅಂತ ಕೇಳಿದ್ದೆ. ಇಲ್ಲಿ ನೋಡಿದ್ರೆ ಕಿನ್ನರೀನೂ ಇಲ್ಲ," ಎಂದು ಅಜ್ಜಿ ಅಡುಗೆಮನೆಯಲ್ಲಿ ಗೊಣಗಿದಾಗ ಅಮ್ಮ ಹುಣಸೆಹಣ್ಣು ಕಿವುಚುತ್ತಿದ್ದ ಕೈ ನಿಲ್ಲಿಸಿ, "ಅತ್ತೆ, ದಯವಿಟ್ಟು," ಎಂದಷ್ಟೇ ಹೇಳಿದಳು.

ಅಮ್ಮ ಪರೀಕ್ಷೆ ಮಾಡಿದ್ದು ಆ ವಾರದಲ್ಲಿ. ಬೆಳಗ್ಗೆ ಅಪ್ಪ ಹೊಸ್ತಿಲ ಮೇಲೆ ಕೂತು ಬಗ್ಗಿ ಫ್ಯಾಕ್ಟರಿಯ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಅಮ್ಮ ಅವರ ಬೆನ್ನ ಹಿಂದೆ ಹೋಗಿ ನಿಂತಳು. ಟಿಫನ್ ಡಬ್ಬಿ ಕೈಯಲ್ಲಿತ್ತು. ಪಿಸುಗುಟ್ಟಲಿಲ್ಲ, ದಿನಾ ಮಾತಾಡುವ ದನಿಯಲ್ಲೇ ಹೇಳಿದಳು.

"ರೀ, ಮನೆಗೆ ಬೆಂಕಿ ಬಿದ್ದಿದೆ."

ಸಂದಿನಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ ನಾನು ಎದ್ದು ನಿಂತೆ. ಬೆಂಕಿ ಎಲ್ಲೂ ಇರಲಿಲ್ಲ. ಅಪ್ಪ ಎರಡನೇ ಬೂಟಿನ ಲೇಸನ್ನು ಎಳೆದು ಬಿಗಿಮಾಡಿ, ಗಂಟು ಸರಿಯಾಗಿದೆಯೇ ನೋಡಿ, ಎದ್ದು, ಡಬ್ಬಿ ತೆಗೆದುಕೊಂಡು, 'ಬರ್ತೀನಿ' ಎಂದು ಹೊರಟುಹೋದರು. ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಕಾಂಪೌಂಡಿನ ಆಚೆ ಪ್ರೆಸ್ಸುಗಳು ಶುರುವಾದವು. ಒಂದೊಂದು ಧಡ್ ಎನ್ನುವ ಸದ್ದಿಗೂ ಅವಳ ಕಣ್ಣು ಮುಚ್ಚಿ ತೆರೆಯುತ್ತಿತ್ತು. ನನ್ನನ್ನು ನೋಡಿದಾಗ ಅವಳು ಹತ್ತಿರ ಕರೆದು, ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ, ಗಂಟೆಯೂ ಕೇಳಿಸುವುದಿಲ್ಲ, ಯಾರ ಹತ್ತಿರವೂ ಹೇಳಬೇಡ ಎಂದಳು. ಮಕ್ಕಳಿಗೆ ಹೇಳಬಾರದಿತ್ತು, ಆದರೆ ಆ ಹೊತ್ತಿಗೆ ಅವಳಿಗೆ ಇನ್ಯಾರೂ ಇರಲಿಲ್ಲ. ಅಂದಿನಿಂದ ನಾನೂ ಪ್ರೆಸ್ಸಿನ ಸದ್ದು ಎಣಿಸತೊಡಗಿದೆ. ಸದ್ದು ನಿಂತರೆ ಯಾರ ಕೈಯೋ ಹೋಯಿತು ಎಂದು ಉಸಿರು ಹಿಡಿಯುತ್ತಿದ್ದೆ, ಮತ್ತೆ ಶುರುವಾದರೆ ಬಿಡುತ್ತಿದ್ದೆ. ಶಾಲೆಯಲ್ಲಿ ಆ ಸದ್ದು ಕೇಳಿಸುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಅಮ್ಮನೂ ಕೆಲಸಕ್ಕೆ ಹೋಗುತ್ತಿದ್ದಳು. ಮಾಗಡಿ ರಸ್ತೆಯ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಭಾಗ, ಇಡೀ ಯಂತ್ರ ಹೇಗಿರುತ್ತದೆಂದು ಯಾರೂ ನೋಡಿದವರಲ್ಲ. ಆದರೆ ರೆಸಿಸ್ಟರುಗಳ ಮೇಲಿನ ಬಣ್ಣದ ಪಟ್ಟೆಗಳನ್ನು ಅವರು ಬಳೆ ಅಂಗಡಿಯಲ್ಲಿ ಬಳೆ ಆರಿಸುವಷ್ಟು ಸಲೀಸಾಗಿ ಆರಿಸುತ್ತಿದ್ದರು. ಟೆಸ್ಟಿಂಗ್ ಬೆಂಚಿನ ಹಿರಿಯಾಕೆಯೊಬ್ಬರನ್ನು ಅಮ್ಮ ಊಟದ ಹೊತ್ತಿನಲ್ಲಿ ಕೇಳಿಕೊಂಡು ಬಂದಿದ್ದಳು. ಹಸಿರು ಬೆಳಕು ಬರ್ತಿದೆ ಅಂದರೆ ವಾಲ್ವ್ ಸತ್ತಿಲ್ಲ, ಸ್ಟೇಷನ್ ಸಿಕ್ಕರೂ ಸೀಳು ಮುಚ್ಚುತ್ತಿಲ್ಲ ಅಂದರೆ ಕಣ್ಣಿನ ಸಾಕೆಟ್ಟಿನ ಹಿಂದೆ ಒಂದು ರೆಸಿಸ್ಟರ್ ಇರುತ್ತೆ, ಅದು ಒಳಗೇ ತುಂಡಾಗಿರುತ್ತೆ ಎಂದಿದ್ದರಂತೆ. ಕಂದು, ಕಪ್ಪು, ಹಸಿರು ಪಟ್ಟೆಯ ಒಂದು ಹೊಸ ರೆಸಿಸ್ಟರನ್ನು ಅಮ್ಮ ಅಂಗಡಿಯಿಂದ ತಂದಳು, ಬೆಸುಗೆ ಕಡ್ಡಿಯನ್ನು ಜೊತೆಗಾತಿಯಿಂದ ಎರವಲು ತಂದಳು. ಭಾನುವಾರ ಅಪ್ಪ ಓವರ್‌ಟೈಮಿಗೆ ಹೋದಮೇಲೆ ಬಾಗಿಲು ಓರೆ ಮಾಡಿ ರೇಡಿಯೋದ ಬೆನ್ನು ಬಿಚ್ಚಿದಳು.

ಅಪ್ಪನ ರೇಡಿಯೋವನ್ನು ಬೇರೊಬ್ಬರು ಮುಟ್ಟಿದ್ದು ಅದೇ ಮೊದಲು. ಅಜ್ಜಿ ದೇವರ ಗೂಡಿನ ಹತ್ತಿರ ಕೂತು ಜಪಮಣಿ ಹಿಡಿದುಕೊಂಡಿದ್ದಳು, ಒಂದು ಮಣಿಯೂ ಮುಂದಕ್ಕೆ ಹೋಗುತ್ತಿರಲಿಲ್ಲ. ಅಮ್ಮ ಪ್ಲಗ್ಗು ಕಿತ್ತಳು. ಕಿತ್ತ ಮೇಲೂ ಒಳಗೆ ಕರೆಂಟು ಕೂತಿರುತ್ತದೆ, ವಾಲ್ವ್ ಸೆಟ್ಟು ಕಿತ್ತ ಮೇಲೂ ಆಳನ್ನು ಕೊಲ್ಲುತ್ತದೆ ಎಂದು ಆ ಹಿರಿಯಾಕೆ ಹೇಳಿದ್ದರಂತೆ. ಅಮ್ಮ ಊಟದ ಮಣೆ ಹಾಕಿಕೊಂಡು ಅದರ ಮೇಲೆ ನಿಂತಳು. ಎಡಗೈಯನ್ನು ಸೊಂಟದ ಸೆರಗಿನೊಳಗೆ ಸಿಕ್ಕಿಸಿಕೊಂಡಳು. ಅವರ ಸಾಲಿನ ಹೆಂಗಸರು ಕರೆಂಟಿನ ಹತ್ತಿರ ಹಾಗೇ ನಿಲ್ಲುವುದು, ಎರಡೂ ಕೈ ಕೊಟ್ಟರೆ ಅದು ಎದೆಯ ಮೂಲಕ ದಾಟುತ್ತದೆ. ಕೂತಿದ್ದ ಕರೆಂಟನ್ನು ಖಾಲಿ ಮಾಡಲು ಮರದ ಹಿಡಿಯ ಸ್ಕ್ರೂಡ್ರೈವರನ್ನು ಬಲಗೈಯಲ್ಲಿ ಹಿಡಿದು ಒಳಗೆ ಇಳಿಸಿದಳು. ಚಟ್ ಎಂದು ಒಂದು ನೀಲಿ ಕಿಡಿ ಹಾರಿತು. ಅಜ್ಜಿ ದೇವರ ಹೆಸರು ಹೇಳಿದಳು. ನಾನು ಅಕ್ಕಿ ಡಬ್ಬವನ್ನು ಅಪ್ಪಿಕೊಂಡು ಕೂತೆ. ಅಮ್ಮ ಇನ್ನೊಂದು ಸಲ ಮುಟ್ಟಿಸಿದಳು, ಕಿಡಿ ಬರಲಿಲ್ಲ. ಆಮೇಲೆ ಕೂತು ಕಣ್ಣಿನ ಸಾಕೆಟ್ಟನ್ನು ಈಚೆ ಎಳೆದಳು. ಹಿಂದೆ ಆ ರೆಸಿಸ್ಟರ್ ಇತ್ತು, ಧೂಳು ಒರೆಸಿದರೆ ಅದೇ ಕಂದು, ಕಪ್ಪು, ಹಸಿರು. ಬೆಸುಗೆ ಬಿಡಿಸಿ ಅದನ್ನು ತೆಗೆದು ಹೊಸದನ್ನು ಕೂರಿಸುವಾಗ ಅವಳ ಕೈ ನಡುಗಲಿಲ್ಲ. ದಿನವೆಲ್ಲ ಮಾಡುವ ಕೆಲಸ. ರಾಳದ ಹೊಗೆ ಮೂಗಿಗೆ ಬಡಿದು ನಾನು ಸೀನಿದೆ.

ಪ್ಲಗ್ಗು ಹಾಕಿ ಕಾದೆವು. ಹಸಿರು ಬೆಳಕು ನಿಧಾನಕ್ಕೆ ಬಂತು, ಸೀಳು ಅಗಲವಾಗಿತ್ತು. ಅಮ್ಮ ಗುಂಡಿ ತಿರುಗಿಸಿದಳು. ಯಾರೋ ಹೆಂಗಸು ಹಾಡುತ್ತಿದ್ದ ದನಿ ಗೊರಗೊರದಿಂದ ಮೇಲೆದ್ದು ಬಂತು, ದನಿ ತಿಳಿಯಾದಂತೆ ಎರಡು ಹಸಿರು ರೆಪ್ಪೆಗಳು ಸರಿದು ಕೂಡಿದವು. ನನಗೆ ಕುಣಿಯುವಷ್ಟು ಖುಷಿ. ಇನ್ನು ಅಪ್ಪ ಗದರುವುದಿಲ್ಲ, ಇನ್ನು ಗೊರಗೊರ ಕೇಳಬೇಕಾಗಿಲ್ಲ, ಎಲ್ಲ ಮೊದಲಿನ ಹಾಗಾಗುತ್ತದೆ ಎಂದು ಅಮ್ಮನಿಗೆ ಹೇಳಿದೆ.

"ಅದೇ ಭಯ ಕಣೇ ನಂಗೆ. ಎಲ್ಲ ಮೊದಲಿನ ಹಂಗೇ ಆಗುತ್ತೆ," ಎಂದಳು ಅಮ್ಮ.

ಹಾಡು ಮುಗಿಯುವವರೆಗೂ ಅವಳು ಆ ಮುಚ್ಚಿದ ಕಣ್ಣನ್ನು ನೋಡುತ್ತಾ ಕೂತಿದ್ದಳು. ಆಮೇಲೆ ಪ್ಲಗ್ಗು ಕಿತ್ತಳು. ಮತ್ತೆ ಮಣೆಯ ಮೇಲೆ ನಿಂತು, ಎಡಗೈ ಸೊಂಟಕ್ಕೆ ಸಿಕ್ಕಿಸಿ, ಕಿಡಿ ಹಾರಿಸಿ, ಕೂತು, ಬೆಸುಗೆ ಕಡ್ಡಿ ಕಾಯಿಸಿ ಹೊಸ ರೆಸಿಸ್ಟರಿನ ಒಂದು ತಂತಿಕಾಲನ್ನು ಬಿಡಿಸಿ ಮೇಲಕ್ಕೆ ಎತ್ತಿಬಿಟ್ಟಳು.

"ಅಯ್ಯೋ, ಸರಿ ಮಾಡಿದ್ದನ್ನ ಯಾಕೆ ಕೀಳ್ತೀಯೇ?" ಎಂದಳು ಅಜ್ಜಿ.

"ನಿಮ್ಮ ಮಗನ ಕೈ ಉಳೀಬೇಕು ಅತ್ತೆ. ಈ ಕಣ್ಣಿದ್ರೆ ಅವರು ಇನ್ನೂ ಎಷ್ಟು ವರ್ಷ ಬೇಕಾದ್ರೂ ಮುಚ್ಚಿಟ್ಕೋತಾರೆ. ಅವರಿಗೆ ಕಿವಿ ಕೇಳಿಸ್ತಿಲ್ಲ."

ಅಜ್ಜಿಗೆ ಅದು ಗೊತ್ತಾದದ್ದು ಆಗ. ಅವಳು ಜಪಮಣಿಯನ್ನು ಗೂಡಿನೊಳಗೆ ಇಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇವತ್ತೇ ಹೇಳ್ತೀಯಾ?" ಎಂದು ಕೇಳಿದಳು. ಅಮ್ಮ ಹೂಂ ಅಂದಳು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ, ಸಾರಿಗೆ ಉಪ್ಪು ಹಾಕಿರಲಿಲ್ಲ ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಅಪ್ಪ ಬಂದರು. ಕಾಲು ತೊಳೆದರು. ಕಾಫಿ ಪಕ್ಕಕ್ಕಿಟ್ಟುಕೊಂಡು ರೇಡಿಯೋ ಹಾಕಿದರು. ಕಣ್ಣು ಬೆಳಗಿತು, ತೆರೆದೇ ಇತ್ತು. ಅವರು ಗುಂಡಿಯನ್ನು ತಮ್ಮ ಅಂದಾಜಿಗೆ ತಂದು ಬಿಟ್ಟು ಒರಗಿದರು. ಗೊರ್ರೋ ಸದ್ದು ನಡುಮನೆ ತುಂಬಿತು. ಅಮ್ಮ ಅಡುಗೆಮನೆಯಿಂದ ಬಂದು ಅಪ್ಪನಿಗೂ ರೇಡಿಯೋಗೂ ನಡುವೆ, ಅವರಿಗೆ ಎದುರಾಗಿ ನೆಲದ ಮೇಲೆ ಕೂತಳು. ನನಗೆ ಓಡಿಹೋಗಬೇಕು ಅನ್ನಿಸಿತು.

"ರೀ, ಅಲ್ಲಿ ಏನೂ ಬರ್ತಿಲ್ಲ. ಬರೀ ಗೊರ್ರೋ ಅಂತಿದೆ. ಇಷ್ಟು ದಿನದಿಂದಾನೂ ಅಷ್ಟೇ," ಎಂದು ಒಂದೊಂದೇ ಪದ ಬಿಡಿಸಿ ಹೇಳಿದಳು.

ಅಪ್ಪ ಎದ್ದು ನಿಂತರು. ಕಾಫಿ ಲೋಟ ಉರುಳಿ ಚೆಲ್ಲಿತು. ಅವರ ಕೈ ಮೇಲೆ ಹೋದದ್ದನ್ನು ನೋಡಿ ನಾನು ಕಣ್ಣು ಮುಚ್ಚಿಕೊಂಡೆ, ಈಗ ಅಮ್ಮನಿಗೆ ಬೀಳುತ್ತದೆ ಎಂದು. ಪೆಟ್ಟಿನ ಸದ್ದು ಕೇಳಲಿಲ್ಲ. ಕಣ್ಣು ತೆರೆದಾಗ ಆ ಕೈ ರೇಡಿಯೋದ ತಲೆಯ ಮೇಲೆ ಇತ್ತು. ಅಪ್ಪ ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಬಗ್ಗಿ, ಕಿವಿಯನ್ನು ಸ್ಪೀಕರಿನ ಮುಂದಿನ ಬಟ್ಟೆಗೆ ಒತ್ತಿ ನಿಂತಿದ್ದರು. ಗೊರಗೊರ ವಠಾರಕ್ಕೆಲ್ಲ ಕೇಳುತ್ತಿತ್ತು.

"ಇದು ಹಾಡಲ್ವಾ?" ಎಂದು ಕೇಳಿದರು.

ಅಮ್ಮ ಅಲ್ಲ ಎಂದು ತಲೆಯಾಡಿಸಿದಳು. ಅಪ್ಪ ರೇಡಿಯೋ ಆರಿಸಿ ಕೂತರು. ಚೆಲ್ಲಿದ ಕಾಫಿ ಅವರ ಪಂಚೆಗೆ ಇಳಿಯುತ್ತಿತ್ತು. ಅವರ ಮುಖ ನೋಡಿದರೆ ಕೋಪ ಇರಲಿಲ್ಲ. ಅದು ಹೆದರಿಕೆ, ನನಗೆ ಚೆನ್ನಾಗಿ ಪರಿಚಯವಿದ್ದ ವಸ್ತು. ಕಳೆದ ತಿಂಗಳು ಗಂಟೆ ಹೊಡೆದದ್ದು ತಮಗೆ ಗೊತ್ತಾಗದೆ ಪಕ್ಕದವನು ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದಿದ್ದನ್ನು ಅವರು ಆಗ ಹೇಳಿದರು. ಅಂದಿನಿಂದ ಮಿಷನ್ನಿಗೆ ಕೈಹಾಕುವಾಗಲೆಲ್ಲ ಎದೆ ಬಾಯಿಗೆ ಬರುತ್ತೆ ಎಂದರು.

"ನಾಳೆ ಹೋಗಿ ನೀವೇ ಹೇಳಿ. ನೀವು ಹೇಳದಿದ್ರೆ ನಾನು ಬಂದು ಹೇಳ್ತೀನಿ."

"ಗೇಟಲ್ಲಿ ಕೂರಿಸ್ತಾರೆ ಕಣೇ. ಬರೋರು ಹೋಗೋರಿಗೆಲ್ಲ ಸಲಾಮು ಹೊಡ್ಕೊಂಡು."

"ಕೂರಿಸ್ಲಿ," ಎಂದಳು ಅಮ್ಮ. "ಸಲಾಮು ಹೊಡೆಯೋಕೂ ಕೈ ಬೇಕಲ್ಲ."

ಅಜ್ಜಿ ಬಂದು ಮಗನ ಪಕ್ಕದಲ್ಲಿ ಕೂತು, ಅವರ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಸವರಿದಳು. ನಾನು ಸಂದಿನಲ್ಲೇ ಅತ್ತೆ. ಯಾರಿಗೂ ಕೇಳಿಸದಂತೆ ಅಳುವುದು ನನಗೆ ಅಭ್ಯಾಸವಾಗಿತ್ತು.

ಸೋಮವಾರ ನಾನು ಶಾಲೆಯಿಂದ ಬರುವ ಹೊತ್ತಿಗೆ ಅಪ್ಪ ಆಗಲೇ ಮನೆಯಲ್ಲಿದ್ದರು. ಹೊಸ್ತಿಲ ಮೇಲೆ, ಒಳಗಡೆಗೆ ಬೆನ್ನು ಮಾಡಿ ಕೂತಿದ್ದರು. ಹೇಳಿ ಬಂದಿದ್ದರು. ಗೇಟಿಗಲ್ಲ, ಟೂಲ್ ಸ್ಟೋರಿಗೆ ಹಾಕುತ್ತಾರಂತೆ, ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಬೇಕಂತೆ. ಅಮ್ಮ ನನ್ನ ಕೈಗೆ ಕಾಫಿ ಕೊಟ್ಟು ಕಳಿಸಿದಳು. ನಾನು ಎಂದಿನಂತೆ ಹೋಗಿ ಬೆನ್ನ ಹಿಂದೆ ನಿಂತು, ಎಂದಿನ ದನಿಯಲ್ಲಿ, 'ಅಪ್ಪ' ಅಂದೆ. ಬೆನ್ನು ಅಲ್ಲಾಡಲಿಲ್ಲ. ಕಿವಿಯ ಸಂಗತಿ ನನಗೆ ಆಗ ಗೊತ್ತಿತ್ತು, ಆದರೂ ಅದೇ ಹಳೆಯ ಹೆದರಿಕೆ ಬಂತು. ಇವತ್ತು ನಾನೇನು ತಪ್ಪು ಮಾಡಿದೆ?

"ಎದುರಿಗೆ ಹೋಗಿ ಕೊಡೇ," ಎಂದಳು ಅಮ್ಮ ಒಳಗಿನಿಂದ.

ನಾನು ಅಪ್ಪನನ್ನು ದಾಟಿಕೊಂಡು ಕಲ್ಲುಹಾಸಿಗೆ ಇಳಿದು ಎದುರಿಗೆ ನಿಂತು ಲೋಟ ಚಾಚಿದೆ. ಅವರು ತೆಗೆದುಕೊಂಡರು. ನನ್ನ ಬಾಯಿ ಅಲುಗುತ್ತಿದ್ದುದನ್ನು ನೋಡಿ, "ಏನೋ ಅಂದ್ಯಲ್ಲ?" ಎಂದರು. ನಾನು ತಲೆ ತಗ್ಗಿಸಿದೆ.

"ಮಂಜು, ನೀನು ನನ್ನ ಹತ್ರ ಮಾತಾಡಿದ್ದೇ ನಂಗೆ ನೆನಪಿಲ್ಲ. ಅಮ್ಮನ ಹತ್ರ, ಅಜ್ಜಿ ಹತ್ರ ಬಾಯಿ ಆಡ್ತಾ ಇರೋದು ದೂರದಿಂದ ಕಾಣ್ಸುತ್ತೆ. ನನ್ನ ಹತ್ರ ಒಂದು ದಿನಾನೂ ಬರಲ್ಲ," ಎಂದರು ಅಪ್ಪ. ಕಾಫಿಯನ್ನು ಕುಡಿಯದೆ ಹಿಡಿದೇ ಇದ್ದರು. "ನಿಂಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ ಕಣೇ."

ಎಷ್ಟು ಸಲ ಕರೆದಿದ್ದೆ, ಎಷ್ಟು ಮಾತು ಆ ಬೆನ್ನಿಗೆ ಹೇಳಿ ವಾಪಸು ಬಂದಿದ್ದೆ ಎಂದು ಅವರಿಗೆ ಹೇಳಬೇಕಿತ್ತು. ಸಣ್ಣ ದನಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಮುಷ್ಟಿ ಬಿಗಿ ಹಿಡಿದು, ಜೀವಮಾನದಲ್ಲೇ ಮೊದಲ ಸಲ ನಾನು ಕೂಗಿ ಮಾತಾಡಿದೆ.

"ಇಲ್ಲಪ್ಪ. ನಂಗೆ ಭಯ. ನಾನು ದಿನಾ ಕರೀತಿದ್ದೆ, ನೀವು ಮಾತಾಡ್ತಿರ್ಲಿಲ್ಲ, ಅದಕ್ಕೆ ಭಯ."

ವಠಾರದಲ್ಲಿ ಆ ದನಿ ಯಾರೂ ಕೇಳಿದ್ದಲ್ಲ. ಪಕ್ಕದ ಮನೆಯಾಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದರು. ಏನಾಯಿತು, ಮಗು ಯಾಕೆ ಕಿರುಚುತ್ತಿದೆ ಎಂದು ಅಪ್ಪನನ್ನು ಕೇಳಿದರು. ಅವರು ಬಂದದ್ದು ಓರೆಗಣ್ಣಿಗೆ ಕಂಡರೂ ಅಪ್ಪ ಆ ಕಡೆ ತಿರುಗಲಿಲ್ಲ. ನನ್ನ ಬಾಯಿಯ ಮೇಲೆ ಇಟ್ಟ ಕಣ್ಣನ್ನು ತೆಗೆಯದೆಯೇ ಉತ್ತರ ಕೊಟ್ಟರು.

"ಏನಿಲ್ಲಮ್ಮ. ನನ್ನ ಮಗಳು ನನ್ನ ಹತ್ರ ಮಾತಾಡ್ತಾ ಇದಾಳೆ."